ಮರುಭೂಮಿಯ ಕ್ಯಾಂಪಿಗೆ ಮೊದಲು ನೀರಿನ ಲೆಕ್ಕ

ಮಾನ್ಯ ಸಂಪಾದಕರೇ,

ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದ ಮೇಲಿನ ಪ್ರವಾಸ ಬರಹಗಳಲ್ಲಿ ಬಂಡೆಗಳ ನೆತ್ತಿಯ ಮೇಲೆ ಹರಡಿದ ನಕ್ಷತ್ರಗಳ ಚಿತ್ರ ಇದ್ದೇ ಇರುತ್ತದೆ. ಅಲ್ಲಿ ರಾತ್ರಿ ತಂಗುವವರಿಗೆ ಮೊದಲು ಬೇಕಾದ ನೀರಿನ ಲೆಕ್ಕ ಮಾತ್ರ ಕಾಣುವುದು ಅಪರೂಪ. ಬೆಲ್ ಮತ್ತು ವೈಟ್ ಟ್ಯಾಂಕ್ ಅಲ್ಲಿನ ಅತಿ ಚಿಕ್ಕ, ಸದ್ದುಗದ್ದಲವಿಲ್ಲದ ಕ್ಯಾಂಪ್‌ಗ್ರೌಂಡ್‌ಗಳು. ಒಂದರಲ್ಲಿ 18, ಇನ್ನೊಂದರಲ್ಲಿ 15 ಜಾಗ. ಎರಡರಲ್ಲೂ ನಲ್ಲಿ ಇಲ್ಲ. ಉದ್ಯಾನದೊಳಗೆ ಅಂಗಡಿಯಾಗಲಿ ಪೆಟ್ರೋಲ್ ಬಂಕಾಗಲಿ ಇಲ್ಲ, ಮೊಬೈಲ್ ಸಿಗ್ನಲ್ ಬಹುಪಾಲು ಕಡೆ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರೂ ಅವರನ್ನು ನೋಡಲು ಹೋಗುವ ಹಿರಿಯರೂ ಪತ್ರಿಕೆ ಓದುತ್ತಾರಾದ್ದರಿಂದ ಈ ಪತ್ರ.

ಕುಡಿಯಲು ದಿನಕ್ಕೆ ತಲಾ 4 ಲೀಟರ್ ಕನಿಷ್ಠ; ಬಿಸಿಲಲ್ಲಿ ನಡೆಯುವವರಿಗೆ 8. ಒಣಗಾಳಿಯಲ್ಲಿ ಬೆವರು ಮೈಮೇಲೆ ಕಾಣುವ ಮೊದಲೇ ಆರಿಹೋಗುತ್ತದೆ, ಹಾಗಾಗಿ ಎಷ್ಟು ನೀರು ಹೋಯಿತು ಅನ್ನುವುದೇ ಗೊತ್ತಾಗುವುದಿಲ್ಲ. ನಾಲ್ವರು ತಂಪು ತಿಂಗಳಲ್ಲಿ ಶುಕ್ರವಾರ ಮಧ್ಯಾಹ್ನ ಹೋಗಿ ಭಾನುವಾರ ಮಧ್ಯಾಹ್ನ ಹೊರಟರೆ ಕುಡಿಯಲು 32 ಲೀಟರ್ ಬೇಕು. ಅಡುಗೆಗೆ, ಪಾತ್ರೆ ತೊಳೆಯಲು, ಕೈ ತೊಳೆಯಲು ಇನ್ನೊಂದು 16. ಎರಡು ರಾತ್ರಿ ಬೆಂಕಿ ಹಾಕುವುದಾದರೆ ಅದನ್ನು ಆರಿಸಲು 8. ಎಲ್ಲರೂ ಮರೆಯುವುದು ಇದನ್ನೇ. ಒಟ್ಟು 56, ಅಂದರೆ 20 ಲೀಟರಿನ ಮೂರು ಕ್ಯಾನ್. ಮೂರಕ್ಕೂ ತಿರುಪು ಮುಚ್ಚಳ ಇರಲಿ. ಕೆಳಗೆ ನಲ್ಲಿ ಕೂಡಿಸಿದ ತೆಳು ಪ್ಲಾಸ್ಟಿಕ್ ಕ್ಯಾನ್ ಕಾರಿನ ಕುಲುಕಾಟಕ್ಕೆ ಸಡಿಲಗೊಂಡು ರಾತ್ರಿಯಿಡೀ ತೊಟ್ಟಿಕ್ಕುತ್ತದೆ, ಬೆಳಿಗ್ಗೆ ನೋಡಿದರೆ ಅರ್ಧ ಖಾಲಿ. ಟ್ವೆಂಟಿನೈನ್ ಪಾಮ್ಸ್ ಊರಿನಲ್ಲೇ ಎಲ್ಲವನ್ನೂ ತುಂಬಿಸಿಕೊಂಡು ಒಳಗೆ ಹೋಗಿ. ಬರೀ ನೀರು ಕುಡಿಯುತ್ತಾ ಹೋದರೆ ಮೈಯ ಉಪ್ಪಿನಂಶ ಇಳಿದು ತಲೆನೋವು, ವಾಕರಿಕೆ ಶುರುವಾಗುತ್ತದೆ. ಜೊತೆಗೆ ಉಪ್ಪಿರುವ ತಿಂಡಿ ಬೇಕೇ ಬೇಕು.

ನೀರಿನ ಪಸೆ ಹುಡುಕಿಕೊಂಡು ಜೇನುನೊಣಗಳೂ ಬರುತ್ತವೆ. ಒದ್ದೆ ಪಾತ್ರೆಬಟ್ಟೆ, ಲೋಟದ ಅಂಚು, ಕ್ಯಾನಿನ ಬಾಯಲ್ಲಿ ನಿಂತ ಒಂದು ಹನಿ, ಇಷ್ಟೇ ಸಾಕು, ಹತ್ತು ನಿಮಿಷದಲ್ಲಿ ಮುತ್ತಿಕೊಳ್ಳುತ್ತವೆ. ಹೊಡೆಯಬೇಡಿ. ಒದ್ದೆಯಾದದ್ದನ್ನೆಲ್ಲ ಮುಚ್ಚಳವಿರುವ ಡಬ್ಬಿಯಲ್ಲಿಡಿ, ಕಾರಿನ ಗಾಜು ಏರಿಸಿಡಿ. ಜೇನು ಕಚ್ಚಿದರೆ ಅಲರ್ಜಿ ಆಗುವವರು ಔಷಧ ಇಲ್ಲದೆ ಹೋಗಲೇಬಾರದು.

ಅಕ್ಟೋಬರಿನಿಂದ ಏಪ್ರಿಲ್ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಹಗಲು 38 ಡಿಗ್ರಿ ದಾಟುವುದು ಮಾಮೂಲು, ಮಕ್ಕಳನ್ನೂ ವಯಸ್ಸಾದವರನ್ನೂ ಕರೆದೊಯ್ಯುವುದು ಬೇಡ. ಚಳಿಗಾಲದ ಎಚ್ಚರಿಕೆ ಬೇರೆ. ಈ ಎರಡು ತಾಣಗಳು ಸುಮಾರು 1,150 ಮೀಟರ್ ಎತ್ತರದಲ್ಲಿವೆ. ಗಾಳಿಯಲ್ಲಿ ತೇವವಿಲ್ಲ, ಮೋಡವಿಲ್ಲ. ನೆಲ ಹಗಲೆಲ್ಲ ಹೀರಿದ ಬಿಸಿಯನ್ನು ಕತ್ತಲಾಗುತ್ತಲೇ ಬಿಟ್ಟುಕೊಡುತ್ತದೆ. ಹಗಲು ಅರ್ಧ ತೋಳಿನ ಅಂಗಿ ಸಾಕೆನಿಸಿದ್ದ ಕಡೆ ರಾತ್ರಿ ನೀರು ಹೆಪ್ಪುಗಟ್ಟಬಹುದು. ಹೊದಿಕೆಯ ಮೇಲೆ ಹೊದಿಕೆ ಹೇರಿದರೂ ನಡುಕ ನಿಲ್ಲದಿದ್ದರೆ ಶೀತ ಬರುತ್ತಿರುವುದು ಕೆಳಗಿನಿಂದ. ಮೈಭಾರಕ್ಕೆ ಅಪ್ಪಚ್ಚಿಯಾದ ಹೊದಿಕೆ ಬೆನ್ನನ್ನು ಕಾಯುವುದಿಲ್ಲ. ಶಾಖ ತಡೆಯುವ ದಪ್ಪ ಚಾಪೆ ಅಡಿಯಲ್ಲಿರಬೇಕು. ಬೆಳಗಿನ ಕಾಫಿ, ಚಹಾದ ನೀರನ್ನು ರಾತ್ರಿಯೇ ಪಾತ್ರೆಗೆ ಸುರಿದಿಟ್ಟರೆ ಮಂಜುಗಟ್ಟಿದರೂ ಒಲೆಯ ಮೇಲಿಟ್ಟು ಕರಗಿಸಬಹುದು.

ಟೆಂಟ್ ವಿಷಯದಲ್ಲಿ ತೊಂದರೆ ಕೊಡುವುದು ಗಾಳಿ, ಅದರಲ್ಲೂ ವಸಂತದಲ್ಲಿ. ಅಲ್ಲಿನ ನೆಲ ಗ್ರಾನೈಟ್ ಶಿಥಿಲಗೊಂಡು ಆದ ಒರಟು ಮರಳು. ಟೆಂಟಿನ ಜೊತೆ ಬರುವ ಗಿಡ್ಡ ಗೂಟಗಳಿಗೆ ಅದರಲ್ಲಿ ಹಿಡಿತ ಸಿಗುವುದಿಲ್ಲ. ಗಟ್ಟಿ ಬಟ್ಟೆಯ ನಾಲ್ಕು ಖಾಲಿ ಚೀಲ ಒಯ್ಯಿರಿ, ಟೆಂಟ್ ಹಾಕುವ ಜಾಗದ ಸಡಿಲ ಮರಳನ್ನೇ ತುಂಬಿ ಹಗ್ಗದ ತುದಿಗೆ ಕಟ್ಟಿ, ಹೊರಡುವಾಗ ಅಲ್ಲೇ ಸುರಿಯಿರಿ. ಸಾಮಾನು ಒಳಗಿಡುವ ಮೊದಲೇ ಟೆಂಟ್ ಬಿಟ್ಟು ವಾಕಿಂಗ್ ಹೋದರೆ ವಾಪಸು ಬರುವಷ್ಟರಲ್ಲಿ ಅದು ಕಳ್ಳಿಯ ಮೇಲೆ ಮಲಗಿರುತ್ತದೆ. ಹಗ್ಗವನ್ನಾಗಲಿ ಜೋಲಿಯನ್ನಾಗಲಿ ಜೋಶುವಾ ಮರಕ್ಕೆ ಕಟ್ಟುವಂತಿಲ್ಲ.

ಸೌದೆ ಹೊರಗಿನಿಂದಲೇ ತರಬೇಕು, ಅಲ್ಲಿ ಬಿದ್ದ ಕಡ್ಡಿಯನ್ನೂ ಆಯುವಂತಿಲ್ಲ. ನಿಯಮ ಅತಿಯಾಯಿತು ಅನ್ನಿಸಬಹುದು. ಆದರೆ ಬಿದ್ದ ಜೋಶುವಾ ಕೊಂಬೆಯ ಅಡಿಯಲ್ಲಿ ಒಂದು ಜಾತಿಯ ಪುಟ್ಟ ಹಲ್ಲಿ ತನ್ನ ಬಾಳನ್ನೆಲ್ಲ ಕಳೆಯುತ್ತದೆ. ಕೆಂಡದ ಮೇಲೆ ಮರಳು ಮುಚ್ಚುವುದು ದೊಡ್ಡ ತಪ್ಪು. ಮರಳಿನಡಿ ಕೆಂಡ ಗಂಟೆಗಟ್ಟಲೆ ಜೀವಂತವಾಗಿರುತ್ತದೆ, ಬೆಳಿಗ್ಗೆ ಬರಿಗಾಲ ಮಗು ಅಲ್ಲಿ ಕಾಲಿಡುತ್ತದೆ. ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ಸುರಿದು, ಕೊನೆಗೆ ಅಂಗೈ ಹಿಂಬದಿಯನ್ನು ಹತ್ತಿರ ಹಿಡಿದು ನೋಡಿ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ನಿಶ್ಶಬ್ದದ ಹೊತ್ತು. ಬಂಡೆಗಳು ಸದ್ದನ್ನು ಮರಳಿಸುತ್ತವೆ, ಮೂರನೆಯ ಟೆಂಟಿನ ಮಾತೂ ಬಿಡಿಸಿ ಕೇಳುತ್ತದೆ. ಸ್ಪೀಕರ್ ತರದವರೂ ಕಾರಿಗೆ ಬೀಗ ಹಾಕಿ ಅದರ 'ಪೀಂ' ಸದ್ದಿನಿಂದ ಎಲ್ಲರನ್ನೂ ಎಬ್ಬಿಸುತ್ತಾರೆ. ಕೀಲಿ ಕೈಯಿಂದಲೇ ತಿರುಗಿಸಿ. ಕಣ್ಣು ಕತ್ತಲೆಗೆ ಒಗ್ಗಲು ಅರ್ಧ ಗಂಟೆ ಬೇಕು, ಒಂದು ಬಿಳಿ ಟಾರ್ಚ್ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ತಲೆಗೆ ಕಟ್ಟುವ ಕೆಂಪು ದೀಪ ಇಟ್ಟುಕೊಳ್ಳಿ.

ಹೊರಡುವ ದಿನ ಇಂಜಿನ್ ಚಾಲೂ ಮಾಡುವ ಮೊದಲು ಬಗ್ಗಿ ಕಾರಿನ ಅಡಿ ನೋಡಿ. ನೆರಳಿಗೆ ಮರುಭೂಮಿಯ ಆಮೆ ಬಂದು ಕೂತಿರಬಹುದು. ಕೂತಿದ್ದರೆ ಎತ್ತಬೇಡಿ. ಅದು ಮೂತ್ರಕೋಶದಲ್ಲೇ ನೀರು ಕೂಡಿಟ್ಟುಕೊಂಡು ಒಣ ತಿಂಗಳುಗಳನ್ನು ದಾಟುವ ಪ್ರಾಣಿ; ಹೆದರಿದರೆ ಆ ನೀರನ್ನೆಲ್ಲ ಚೆಲ್ಲಿಬಿಡುತ್ತದೆ, ಮುಂದಿನ ಮಳೆಯವರೆಗೆ ಬದುಕುವುದು ಕಷ್ಟವಾಗುತ್ತದೆ. ತಾನಾಗಿಯೇ ಎದ್ದು ಹೋಗುವವರೆಗೆ ಕಾಯಿರಿ, ಎಷ್ಟೇ ಹೊತ್ತಾದರೂ.

ಇಂತಿ,
ಪತ್ರಿಕೆಯ ಓದುಗ