ಗೆಳೆಯನಿಗೊಂದು ಪತ್ರ: ಕಗುರಾಝಾಕಾದ ಮಧ್ಯಾಹ್ನದ ಊಟ

ಮಂಜಾ,

ಟೋಕಿಯೋದ ಕಗುರಾಝಾಕಾದಲ್ಲಿ "ಮಾಡರ್ನ್" ಜಪಾನಿ ಅಡುಗೆ ಅಂತ ಹೇಳಿಕೊಳ್ಳುವ ಪುಟ್ಟ ಹೋಟೆಲಿನ ಊಟದ ಫೋಟೊ ನೋಡಿದ ಕೂಡಲೇ ನೀನು ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟು ದೊಡ್ಡ ತಟ್ಟೆಗೆ ಅಷ್ಟೇ ಅಷ್ಟಾ? ಹೊಟ್ಟೆ ತುಂಬಿತೇನೋ?" ತುಂಬಿತು ಕಣೋ. ರಾತ್ರಿ ಊಟವೇ ಬೇಡ ಅನ್ನುವಷ್ಟು ತುಂಬಿತು. ವಾಟ್ಸಾಪ್‌ನಲ್ಲಿ ಮುಗಿಯುವ ಮಾತಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ. ಟೋಕಿಯೋಗೆ ಬರುವ ಪ್ಲಾನ್ ಇರುವ ಬೇರೆಯವರೂ ಓದಿಕೊಳ್ಳಲಿ.

ಮೊದಲು ದುಡ್ಡಿನ ವಿಷಯ, ನಿನಗೆ ಅದೇ ಮುಖ್ಯ ಅಂತ ಗೊತ್ತು. ಮಧ್ಯಾಹ್ನದ ಸೆಟ್ ಊಟ 6,600 ಯೆನ್, ಟ್ಯಾಕ್ಸ್ ಸೇರಿ. ಅದೇ ಜಾಗದಲ್ಲಿ ರಾತ್ರಿ ಕೂತರೆ 22,000. ಅಡುಗೆಯವರು ಅವರೇ, ಬಟ್ಟಲು ಅವೇ, ಕೂರುವ ಕುರ್ಚಿಯೂ ಅದೇ. ಮಧ್ಯಾಹ್ನ ಐಟಂ ಸ್ವಲ್ಪ ಕಡಿಮೆ, ದುಬಾರಿ ಮೀನು ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಇಲ್ಲಿನ ದೊಡ್ಡ ದೊಡ್ಡ ಜಾಗಗಳಲ್ಲಿ ಹೆಚ್ಚುಕಡಿಮೆ ಇದೇ ಲೆಕ್ಕ, ಅದಕ್ಕೇ ನಮ್ಮಂಥವರು ಹೋದರೆ ಮಧ್ಯಾಹ್ನವೇ ಹೋಗಬೇಕು. ಟಿಪ್ಸ್ ಕೊಡುವ ರಗಳೆಯೂ ಇಲ್ಲ, ಕೊಟ್ಟರೆ ಅವರಿಗೇ ಮುಜುಗರ.

ಹೋಗುವುದು ಸುಲಭ. ಐಟಿ ಕೆಲಸಕ್ಕೆ ಬಂದ ನಮ್ಮ ಜನ ಜಾಸ್ತಿ ಇರುವುದು ನಿಶಿ-ಕಸಾಯಿ ಕಡೆ, ನಾನೂ ಇಲ್ಲೇ ಅಲ್ವಾ. ಮನೆ ಹತ್ತಿರ ತೋಝಾಯಿ ಲೈನ್ ಮೆಟ್ರೊ ಹತ್ತಿದರೆ ಎಲ್ಲೂ ಬದಲಾಯಿಸದೆ ಸೀದಾ ಕಗುರಾಝಾಕಾದಲ್ಲಿ ಇಳಿಯಬಹುದು. ಹಾಡು, ನೃತ್ಯದಿಂದ ಅತಿಥಿಗಳನ್ನು ರಂಜಿಸುವ ಗೇಶಾ ಕಲಾವಿದೆಯರಿಗೆ ಹೆಸರಾದ ಬೀದಿಗಳು, ಕಲ್ಲು ಹಾಸಿದ ಸಂದಿಗಳು. ಹೊರಗೆ ಒಂದು ಸಣ್ಣ ಬಟ್ಟೆಯ ಪರದೆ ಬಿಟ್ಟರೆ ಬೋರ್ಡ್ ಕೂಡ ಇಲ್ಲ, ಎದುರಿಗೇ ನಿಂತಿದ್ದರೂ ಗೂಗಲ್ ಮ್ಯಾಪ್ ನೋಡುತ್ತಾ ನಿಂತಿದ್ದೆ.

ಒಳಗೆ ಎಂಟೇ ಸೀಟು. ಹಿನೋಕಿ ಮರದ ಉದ್ದನೆಯ ಒಂದೇ ಹಲಗೆ, ಅದರ ಆಚೆ ಅಡುಗೆ, ಈಚೆ ನಾವು. ಆ ಮರ ಮೆತ್ತಗಿರುತ್ತದೆ, ಬೇಗ ಗೀರು ಬೀಳುತ್ತದೆ, ಹಾಗಾಗಿ ವಾಚು, ಉಂಗುರ ತೆಗೆದಿಟ್ಟು ಕೂರಬೇಕು. 12 ಗಂಟೆ ಅಂದರೆ 12 ಗಂಟೆ, ಎಂಟೂ ಜನಕ್ಕೆ ಒಟ್ಟಿಗೆ ಶುರು. ಒಬ್ಬ ತಡವಾಗಿ ಬಂದರೆ ಉಳಿದ ಏಳು ಜನರ ಊಟವೂ ಕೆಡುತ್ತದೆ. ಮೆನು ಕಾರ್ಡ್ ಇಲ್ಲ. ಏನು ಬರುತ್ತದೋ ಅದನ್ನು ತಿನ್ನುವುದು. ನನಗಂತೂ ಇದು ಬಹಳ ಆರಾಮ ಅನ್ನಿಸಿತು, ಎದುರಿನವನ ತಟ್ಟೆ ನೋಡಿ "ಛೇ, ಅದನ್ನೇ ಹೇಳಬೇಕಿತ್ತು" ಅನ್ನುವ ಸಂಕಟವೇ ಇಲ್ಲ.

ಎರಡನೆಯದಾಗಿ ಬಂದ ಸೂಪಿನ ಬಗ್ಗೆ ಹೇಳಲೇಬೇಕು. ಕರಿ ಅರಗಿನ ಬಟ್ಟಲು, ಮೇಲೆ ಮುಚ್ಚಳ. ತೆಗೆಯಲು ಹೋದರೆ ಬರುವುದಿಲ್ಲ, ಒಳಗಿನ ಬಿಸಿಗೆ ಬಿಗಿಯಾಗಿ ಕೂತಿರುತ್ತದೆ. ಬಟ್ಟಲಿನ ಎರಡೂ ಪಕ್ಕ ಮೆಲ್ಲಗೆ ಅಮುಕಬೇಕು, ಸಂದಿಯಲ್ಲಿ ಗಾಳಿ ಹೊಕ್ಕು ಮುಚ್ಚಳ ತಾನೇ ಬಿಡುತ್ತದೆ. ಬಿಟ್ಟ ತಕ್ಷಣ ಮೂಗಿಗೆ ಬಂದದ್ದು ಯುಝು ಅನ್ನುವ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಘಮ. ಆಮೇಲೆ ಹೊಗೆಯಾಡಿಸಿದ ಮೀನಿನದು. ನೀರಿನಷ್ಟೇ ತಿಳಿ, ನಡುವೆ ಸೀಗಡಿ ಅರೆದು ಮಾಡಿದ ಬಿಳೀ ಉಂಡೆ. ಎಣ್ಣೆ ಇಲ್ಲ, ಖಾರ ಇಲ್ಲ, ಉಪ್ಪೂ ಇದ್ದೂ ಇಲ್ಲದ ಹಾಗೆ. ಆದರೆ ಬಾಯಿ ತುಂಬ ರುಚಿ. ಅದು ದಾಶಿ, ಒಣಗಿದ ಕೊಂಬು ಅನ್ನುವ ಕಡಲ ಪಾಚಿ, ಮತ್ತೆ ಹೊಗೆ ಹಾಕಿ ಮರದಷ್ಟು ಗಟ್ಟಿಯಾಗುವ ತನಕ ಒಣಗಿಸಿದ ಮೀನಿನ ಹೆರೆತ, ಇವೆರಡರ ರಸ.

ನಗು ಬರುವ ವಿಷಯ ಒಂದಿದೆ. 1908ರಲ್ಲಿ ಟೋಕಿಯೋದ ಪ್ರೊಫೆಸರ್ ಕಿಕುನಾಯೆ ಇಕೆದಾ ಈ ಕೊಂಬುವಿನ ರುಚಿಗೆ ಕಾರಣ ಗ್ಲುಟಮೇಟ್ ಅನ್ನುವ ರಾಸಾಯನಿಕ ಅಂತ ಕಂಡುಹಿಡಿದು ಅದಕ್ಕೆ ಉಮಾಮಿ ಅಂತ ಹೆಸರಿಟ್ಟರು. ಮರುವರ್ಷವೇ ಅದು ಪುಡಿಯಾಗಿ ಅಂಗಡಿಗೆ ಬಂತು, ಅಜಿನೊಮೊಟೊ ಅನ್ನುವ ಹೆಸರಲ್ಲಿ. ನಮ್ಮ ಗೋಬಿ ಮಂಚೂರಿ ಗಾಡಿಯವನು ಚಮಚದಲ್ಲಿ ಎರಚುವ ಟೇಸ್ಟಿಂಗ್ ಪೌಡರ್ ಇದೆಯಲ್ಲ, ಅದೇ! ಅದರ ಮೂಲ ರುಚಿಯನ್ನು ಇಲ್ಲಿ ಅರಗಿನ ಬಟ್ಟಲಲ್ಲಿ ಕುಡಿದೆ.

ಇನ್ನು ಅವರು "ಮಾಡರ್ನ್" ಅಂತ ಹೇಳಿಕೊಳ್ಳುವುದು ಯಾಕೆ ಅನ್ನುವುದಕ್ಕೆ ಬರುತ್ತೇನೆ. ಹಸಿ ಮೀನಿನ ಹೋಳಿನ ಮೇಲೆ ಟ್ರಫಲ್ ಅನ್ನುವ ದುಬಾರಿ ಅಣಬೆಯ ಘಮದ ಎಣ್ಣೆ. ಚವನ್‌ಮುಶಿ ಅಂತ ಮೊಟ್ಟೆಯನ್ನು ದಾಶಿ ಜೊತೆ ಕಲಸಿ ಹಬೆಯಲ್ಲಿ ಬೇಯಿಸುತ್ತಾರೆ, ಒಳ್ಳೇ ರೇಷ್ಮೆಯಂತೆ ಬಂದಿತ್ತು, ಅದರ ಮೇಲೆ ಒಂದು ಚಮಚ ಕ್ಯಾವಿಯಾರ್, ಅಂದರೆ ಉಪ್ಪು ಹಾಕಿದ ಮೀನಿನ ಮೊಟ್ಟೆ, ಸುರಿದು ಉಪ್ಪುಪ್ಪು ಮಾಡಿಟ್ಟರು. ಪಕ್ಕದವರೆಲ್ಲ ಅದರದ್ದೇ ಫೋಟೊ ತೆಗೆದರು. ನೀನು ನೋಡಿದ ಫೋಟೊ ಕೂಡ ಅದೇ, ನಾನೇನು ಕಡಿಮೆ! ಆದರೆ ನಿಜ ಹೇಳಬೇಕೆಂದರೆ ಇಡೀ ಊಟದಲ್ಲಿ ಹಿಡಿಸದೇ ಹೋದದ್ದು ಈ ಎರಡೇ. ಟ್ರಫಲ್ ಎಣ್ಣೆ ಬಿದ್ದ ಮೇಲೆ ಮೀನು ಯಾವುದಾದರೇನು, ಎಲ್ಲ ಒಂದೇ ವಾಸನೆ. ಹೊಸತು ಅಂದರೆ ದುಬಾರಿ ಸಾಮಾನು ಸುರಿಯುವುದು ಅಂತ ಯಾರು ಹೇಳಿಕೊಟ್ಟರೋ ಇವರಿಗೆ. ಅದೇ ಮನುಷ್ಯ ಸಾನ್ಮಾ ಮೀನಿಗೆ ಬರೀ ಉಪ್ಪು ಸವರಿ ಬಿಂಚೊತಾನ್ ಇದ್ದಿಲ ಮೇಲೆ ಸುಟ್ಟು ಕೊಟ್ಟಾಗ ಮಾತೇ ಹೊರಡಲಿಲ್ಲ. ಚರ್ಮ ಚುರುಚುರು, ಒಳಗೆ ಕೊಬ್ಬು, ಕರುಳಿನ ಹತ್ತಿರ ಸ್ವಲ್ಪ ಕಹಿ. ಆ ಕಹಿಗಾಗಿಯೇ ಇಲ್ಲಿನವರು ಶರತ್ಕಾಲಕ್ಕೆ ಕಾಯುತ್ತಾರೆ.

ಊಟ ಮುಗಿಯುವುದು ಅನ್ನದಲ್ಲಿ, ನಮ್ಮ ಮೊಸರನ್ನದ ಹಾಗೆ. ಮಣ್ಣಿನ ಮಡಕೆಯಲ್ಲಿ ಅಣಬೆ ಹಾಕಿ ಮಾಡಿದ ಅನ್ನ. ಮಡಕೆಯನ್ನು ಒಲೆಯಿಂದ ಇಳಿಸಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಆಮೇಲೆ ನಮ್ಮೆಲ್ಲರ ಎದುರಿಗೆ ತಂದು ಮುಚ್ಚಳ ತೆಗೆದು ತೋರಿಸುತ್ತಾರೆ. ಎಂಟೂ ಜನ "ಓ" ಅಂದೆವು, ಸುಮ್ನೆ ಅಲ್ಲ. ಒಂದೊಂದು ಅಗುಳೂ ಹೊಳೆಯುತ್ತಿತ್ತು. ತಳ ಹಿಡಿದು ಕೆಂಪಾದ ಭಾಗವನ್ನು ಮರದ ಸೌಟಿನಲ್ಲಿ ಕೆರೆದು ಎಲ್ಲರಿಗೂ ಸಮ ಹಂಚಿದರು, ಜೊತೆಗೆ ಕೆಂಪು ಮಿಸೊ (ಹುದುಗಿಸಿದ ಸೋಯಾ ಕಾಳಿನ ಮುದ್ದೆ) ಸೂಪು, ಉಪ್ಪಿನಲ್ಲಿ ಹಾಕಿದ ಮೂಲಂಗಿ. ಎರಡು ಸಲ ಹಾಕಿಸಿಕೊಂಡೆ. ಉಳಿದದ್ದನ್ನು ಉಂಡೆ ಕಟ್ಟಿ ಮನೆಗೂ ಕೊಟ್ಟರು. 6,600ರಲ್ಲಿ ಅರ್ಧ ದುಡ್ಡು ಆ ಸೂಪಿಗೆ, ಅರ್ಧ ಈ ಅನ್ನಕ್ಕೆ ಅಂತ ನನ್ನ ಲೆಕ್ಕ. ಮಿಕ್ಕಿದ್ದು ಫ್ರೀ.

ಈಗ ನಿನ್ನ ಮನೆಯವರ ವಿಷಯ. ಅವರು ಮೀನು ತಿನ್ನುವುದಿಲ್ಲ ಅಲ್ವಾ? ಹಾಗಾದರೆ ಈ ಜಾಗ ಬೇಡ. "ನೋ ಮೀಟ್, ನೋ ಫಿಶ್" ಅಂತ ಅಲ್ಲಿ ಹೋಗಿ ಕೂತರೆ ಪ್ರಯೋಜನವಿಲ್ಲ, ತರಕಾರಿ ಬೇಯಿಸುವುದೂ ದಾಶಿಯಲ್ಲೇ, ಮಿಸೊ ಸೂಪಿನಲ್ಲೂ ಅದೇ. ಅವರಿಗೆ ಶೋಜಿನ್ ರ್ಯೋರಿ ಮಾಡುವ ಕಡೆ ಹೋಗೋಣ. ಬೌದ್ಧ ಮಠಗಳ ಊಟ ಅದು, ದಾಶಿಯನ್ನೂ ಕೊಂಬು, ಒಣಗಿದ ಶಿಟಾಕೆ ಅಣಬೆಯಲ್ಲೇ ತೆಗೆಯುತ್ತಾರೆ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಿಮ್ಮ ಅತ್ತೆಯವರು ಬಂದರೂ ಚಿಂತೆಯಿಲ್ಲ.

ನೀನು ಮಾರ್ಚ್ ಕೊನೆಗೆ ಅಂತಿದ್ದೆ. ಅದು ಸಕುರಾ, ಅಂದರೆ ಚೆರ್ರಿ ಹೂವು ಅರಳುವ ಸಮಯ, ಊರೆಲ್ಲ ಟೂರಿಸ್ಟುಗಳು, ಎಂಟು ಸೀಟಿನ ಜಾಗದಲ್ಲಿ ಕೊನೇ ಗಳಿಗೆಯಲ್ಲಿ ಏನೂ ಸಿಗುವುದಿಲ್ಲ. ಹಿಂದಿನ ದಿನ ಕ್ಯಾನ್ಸಲ್ ಮಾಡಿದರೆ ಪೂರ್ತಿ ದುಡ್ಡು ಕಾರ್ಡಿನಿಂದ ಹೋಗುತ್ತದೆ, ನನ್ನ ಕಾರ್ಡಿನಿಂದ. ಅದಕ್ಕೆ ಫ್ಲೈಟ್ ಟಿಕೆಟ್ ಆದ ಮೇಲೆಯೇ ತಾರೀಖು ಹೇಳು. ಆಮೇಲೆ, ನೀನು ಸೆಂಟ್ ಸುರಿದುಕೊಂಡು ಬರುವವನು, ಆ ದಿನ ಬೇಡ. ದಾಶಿ ವಾಸನೆ ಯಾರಿಗೂ ತಿಳಿಯುವುದಿಲ್ಲ ಅಂತ ಬುಕಿಂಗ್ ಮಾಡುವಾಗಲೇ ಹೇಳಿಬಿಡುತ್ತಾರೆ.

ಇಂತಿ ನಿನ್ನ,
ನಿಶಿ-ಕಸಾಯಿಯ ಗೆಳೆಯ