ದುಬೈ ಪ್ಯಾಕೇಜಿನ ಜಾಹೀರಾತಿನಲ್ಲಿ ಸೆಕೆಯ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ಪತ್ರಿಕೆಗಳಲ್ಲಿ ದುಬೈ ಪ್ಯಾಕೇಜಿನ ಜಾಹೀರಾತು ಶುರು. ನಾಲ್ಕು ರಾತ್ರಿ, ಐದು ಹಗಲು, ಬುರ್ಜ್ ಖಲೀಫಾ, ಮರುಭೂಮಿ ಸಫಾರಿ, ಬೆಳಗಿನ ತಿಂಡಿ ಎಲ್ಲ ಸೇರಿ ಇಷ್ಟು ರೂಪಾಯಿ. ಪ್ರವಾಸ ಪುಟಗಳಲ್ಲಿ ಅದಕ್ಕೆ ತಕ್ಕ ಸಲಹೆ: ಟೋಪಿ, ಕೂಲಿಂಗ್ ಗ್ಲಾಸ್, ಸನ್‌ಸ್ಕ್ರೀನ್ ಮರೆಯಬೇಡಿ. ನಾನು ದುಬೈಯಲ್ಲಿ ಟೂರಿಸ್ಟ್ ಬಸ್ಸಿನ ಡ್ರೈವರ್ ಆಗಿದ್ದವನು. ಈಗ ಊರಲ್ಲೇ ಇದ್ದೇನೆ. ನನ್ನ ಬಸ್ ಹತ್ತುತ್ತಿದ್ದವರಲ್ಲಿ ಬೀಚಿನಲ್ಲಿ ಮಲಗಲು ಬಂದವರು ಕಡಿಮೆ. ಮಗನ ಮನೆಗೆ ಬಂದ ಅಪ್ಪ ಅಮ್ಮ, ಮಗಳ ಬಾಣಂತನಕ್ಕೆ ಬಂದು ಮಧ್ಯೆ ಒಂದು ದಿನ ಊರು ನೋಡಲು ಹೊರಟ ತಾಯಿ, ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು ಎಲ್ಲವನ್ನೂ ಜೊತೆಗೇ ತಂದವರು. ಅವರಿಗೆ ಟೋಪಿಯ ಸಲಹೆ ಸಾಲದು. ಅದಕ್ಕೇ ಈ ಪತ್ರ.

"ನಾವು ಕರಾವಳಿಯವರು, ಸೆಕೆ ನಮಗೇನು ಹೊಸತಾ?" ಎನ್ನುವವರು ಬಹಳ. ನಿಜ, ಬೆವರು ನಮಗೆ ಹೊಸತಲ್ಲ. ಆದರೆ ಮಂಗಳೂರು, ಉಡುಪಿಯಲ್ಲಿ ಕಡು ಬೇಸಿಗೆಯಲ್ಲೂ 35, 36 ಡಿಗ್ರಿ ಆಗುವಾಗಲೇ ನಾವು ಉಸ್ಸಪ್ಪಾ ಎನ್ನುತ್ತೇವೆ. ದುಬೈಯಲ್ಲಿ ಮೇ ತಿಂಗಳ ಮಧ್ಯಾಹ್ನ ಸರಾಸರಿ 38 ಡಿಗ್ರಿ, ಜುಲೈ ಮತ್ತು ಆಗಸ್ಟ್‌ನಲ್ಲಿ 41. ಸರಾಸರಿ ಎಂದರೆ ಅದನ್ನು ಮೀರುವ ದಿನಗಳು ಬೇಕಾದಷ್ಟು ಇವೆ ಎಂದೇ ಅರ್ಥ. ಅಬುಧಾಬಿಯ ಒಳನಾಡಿನ ಸ್ವೈಹಾನ್‌ನಲ್ಲಿ 2021ರ ಜೂನ್‌ನಲ್ಲಿ 51.8 ಡಿಗ್ರಿ ದಾಖಲಾಗಿತ್ತು. ನಮ್ಮ ಮೈಯ ಬಿಸಿ 37. ಗಾಳಿ ಅದಕ್ಕಿಂತ ಬಿಸಿಯಾದರೆ ಬೀಸಿದಷ್ಟೂ ಮೈ ಕಾಯುತ್ತದೆ. ಬಸ್ಸಿನ ಬಾಗಿಲು ತೆರೆದಾಗ ಒಳಗೆ ನುಗ್ಗುವ ಗಾಳಿ ನಮ್ಮೂರಿನ ಹಂಚಿನ ಕಾರ್ಖಾನೆಯ ಭಟ್ಟಿಯ ಎದುರು ನಿಂತ ಹಾಗೆ ಇರುತ್ತಿತ್ತು.

ರಾತ್ರಿ ತಂಪಾಗುತ್ತದೆ, ಮರುಭೂಮಿಯಲ್ವಾ ಎಂದು ಕೆಲವರು ಕೇಳುತ್ತಾರೆ. ದುಬೈ ಇರುವುದು ಸಮುದ್ರದ ಅಂಚಿನಲ್ಲಿ. ಆಗಸ್ಟ್‌ನಲ್ಲಿ ಅಲ್ಲಿನ ಸಮುದ್ರದ ನೀರೇ 32, 33 ಡಿಗ್ರಿ. ರಾತ್ರಿ ಹೊತ್ತೂ 30ರ ಆಸುಪಾಸು, ಜೊತೆಗೆ ತೇವ. ಬೆವರು ಆರುವುದೇ ಇಲ್ಲ. ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ, ಅಷ್ಟೇ ಲೆಕ್ಕ. ಇಂಥ ಹವೆಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಐದು ದಿನದ ಪ್ಯಾಕೇಜಿನವರು ಒಗ್ಗುವ ಮೊದಲೇ ವಾಪಸ್ ವಿಮಾನದಲ್ಲಿ ಕೂತಿರುತ್ತಾರೆ.

ಅಲ್ಲಿ ಒಂದು ಕಾನೂನಿದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಿಸಿಲಿನಲ್ಲಿ ಕಾರ್ಮಿಕರಿಂದ ಕೆಲಸ ಮಾಡಿಸುವ ಹಾಗಿಲ್ಲ. ಮಾಡಿಸಿದರೆ ಒಬ್ಬ ಕಾರ್ಮಿಕನಿಗೆ 5,000 ದಿರ್ಹಂ ಲೆಕ್ಕದಲ್ಲಿ ಕಂಪನಿ ದಂಡ ಕಟ್ಟಬೇಕು. ಸೌದಿ, ಕುವೈತ್, ಒಮಾನ್‌ನಲ್ಲೂ ಇಂಥದೇ ನಿಯಮ ಇದೆ, ಸಮಯ ಮಾತ್ರ ಸ್ವಲ್ಪ ಬೇರೆ. ನಮ್ಮ ಕಡೆಯ ಒಬ್ಬ ಏಜೆಂಟರ ಪಟ್ಟಿ ನನ್ನ ಕೈಗೆ ಬರುತ್ತಿತ್ತು. ಅದರಲ್ಲಿ ಮಧ್ಯಾಹ್ನ 1.30ಕ್ಕೆ ಬುರ್ಜ್ ಅಲ್ ಅರಬ್ ಎದುರು 'ಫೋಟೋ ಸ್ಟಾಪ್', 2.15ಕ್ಕೆ ಹಳೇ ದುಬೈಯಲ್ಲಿ 'ವಾಕಿಂಗ್ ಟೂರ್'. ಒಂದು ಜುಲೈಯಲ್ಲಿ ಹೀಗೆ ಜನರನ್ನು ಇಳಿಸಿ ಕೂತಿದ್ದೆ. ರಸ್ತೆಯ ಆಚೆ ಬದಿ ಗಿಡ ನೆಡುವ ಹುಡುಗರು ಟೆಂಟಿನ ನೆರಳಿನಲ್ಲಿ ಮಲಗಿದ್ದರು. ಈಚೆ ನಮ್ಮ ಅಜ್ಜಿಯಂದಿರು ಬಿಸಿಲಿನಲ್ಲಿ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕೂಲಿಯವರಿಗೇ ಸರ್ಕಾರ ಬೇಡ ಅಂದ ಹೊತ್ತಿನಲ್ಲಿ ಇವರನ್ನು ಯಾಕೆ ನಿಲ್ಲಿಸಬೇಕು? ಏಜೆಂಟರನ್ನು ಕೇಳಿದರೆ "ಆ ಹೊತ್ತಿನಲ್ಲಿ ರಶ್ ಕಡಿಮೆ ಅಣ್ಣಾ" ಎಂದರು. ಕಡಿಮೆ ಇರದೆ ಇನ್ನೇನು!

ಅವತ್ತು ಕುಂದಾಪುರ ಕಡೆಯ ಒಬ್ಬ ಹಿರಿಯರು ಬಸ್ಸಿಗೆ ವಾಪಸ್ ಬಂದವರೇ ಮೆಟ್ಟಿಲಲ್ಲಿ ಕೂತುಬಿಟ್ಟರು. ಹೆಸರು ಕೇಳಿದರೆ ಏನೇನೋ ಮಾತು. ಮೈ ಸುಡುತ್ತಿತ್ತು. ಒಳಗೆ ಮಲಗಿಸಿ, ಅಂಗಿ ಸಡಿಲ ಮಾಡಿ, ಬೈರಾಸು ಒದ್ದೆ ಮಾಡಿ ಕುತ್ತಿಗೆ, ಕಂಕುಳಿಗೆ ಇಟ್ಟೆವು. 998ಕ್ಕೆ ಫೋನ್ ಮಾಡಿದೆವು. ಅದು ಅಲ್ಲಿನ ಆಂಬುಲೆನ್ಸ್ ನಂಬರ್, ಹೋಗುವವರು ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಿ. ಆ ಹಿರಿಯರು ಸುಧಾರಿಸಿಕೊಂಡರು. ಸೊಂಟದ ಬ್ಯಾಗಿನಲ್ಲಿ ಪಾಸ್‌ಪೋರ್ಟ್, ಕ್ಯಾಮೆರಾ, ಸನ್‌ಸ್ಕ್ರೀನ್ ಎಲ್ಲ ಇತ್ತು. ನೀರಿನ ಬಾಟ್ಲಿ ಇರಲಿಲ್ಲ. ಮಾತು ತೊದಲಿದರೆ, ದಿಕ್ಕು ತಪ್ಪಿದ ಹಾಗೆ ಆದರೆ, ಅದು ಸುಸ್ತಲ್ಲ, ಬಿಸಿಲಿನ ಹೊಡೆತ. ಆಗ "ಸ್ವಲ್ಪ ಕೂತರೆ ಸರಿಹೋಗುತ್ತೆ" ಎಂದು ಕಾಯಬಾರದು. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹೊಯ್ಯಲೂಬಾರದು.

ಇನ್ನು ಪೆಟ್ಟಿಗೆಯ ವಿಷಯ. ಹೊರಗೆ 42 ಇದ್ದರೆ ಮಾಲ್, ಮೆಟ್ರೋ, ಬಸ್ಸಿನ ಒಳಗೆ 20, 22. ದಿನಕ್ಕೆ ಎಷ್ಟೋ ಸಲ ಒಳಗೆ ಹೊರಗೆ ಓಡಾಟ. ಹಾಗಾಗಿ ಸಡಿಲವಾದ, ತಿಳಿ ಬಣ್ಣದ, ತುಂಬು ತೋಳಿನ ಹತ್ತಿ ಬಟ್ಟೆಯ ಜೊತೆ ಒಂದು ತೆಳು ಸ್ವೆಟರ್ ಅಥವಾ ಶಾಲು ಕೈಚೀಲದಲ್ಲೇ ಇರಬೇಕು. ಬೇಸಿಗೆಗೆ ಸ್ವೆಟರ್ ಯಾಕೆ ಎಂದು ನಗುತ್ತಿದ್ದವರೇ ಮಾಲಿನಲ್ಲಿ ಕೈ ಕಟ್ಟಿಕೊಂಡು ನಡುಗುವುದನ್ನು ನೋಡಿದ್ದೇನೆ. ಅದೇ ಶಾಲು ಅಬುಧಾಬಿಯ ಶೇಖ್ ಜಾಯೆದ್ ಮಸೀದಿಗೆ ಹೋಗುವಾಗ ಹೆಂಗಸರಿಗೆ ತಲೆ ಮುಚ್ಚಲೂ ಆಗುತ್ತದೆ. ಅಲ್ಲಿ ಹೆಂಗಸರು ಮಣಿಕಟ್ಟು, ಪಾದದವರೆಗೆ ಮೈ ಮುಚ್ಚಿರಬೇಕು, ಗಂಡಸರಿಗೆ ಉದ್ದ ಪ್ಯಾಂಟು. ರೇಷ್ಮೆ ಸೀರೆ, ಜೀನ್ಸ್ ಎರಡೂ ಮನೆಯಲ್ಲೇ ಇರಲಿ. ಕಪಾಟಿನಲ್ಲಿ ವರ್ಷಗಟ್ಟಲೆ ಇದ್ದ ಶೂ ಹಾಕಿಕೊಂಡು ಬರಬೇಡಿ, ಅಟ್ಟೆ ಕಿತ್ತು ಕೈಗೆ ಬರುತ್ತದೆ. ಕನ್ನಡಕದವರು ಒರೆಸುವ ಬಟ್ಟೆಯನ್ನು ಕಿಸೆಯಲ್ಲೇ ಇಡಿ. ಏಸಿಯಿಂದ ಹೊರಬಂದ ಕೂಡಲೇ ಗಾಜು ಪೂರ್ತಿ ಮಂಜಾಗುತ್ತದೆ. ಮೆಟ್ಟಿಲು ಇಳಿಯುವ ವಯಸ್ಸಾದವರಿಗೆ ಇದು ಸಣ್ಣ ಸಂಗತಿಯಲ್ಲ.

ಔಷಧಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಕ್ಷಮಿಸಿ. ಇನ್ಸುಲಿನ್ ಯಾವತ್ತೂ ಕೈಚೀಲದಲ್ಲಿ. ವಿಮಾನದ ಹೊಟ್ಟೆಗೆ ಹಾಕಿದರೆ ಹೆಪ್ಪುಗಟ್ಟಬಹುದು, ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಬಿಸಿಗೆ ಕೆಡುತ್ತದೆ. ಮೂತ್ರ ಹೋಗಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ, ತಾವೇ ನಿಲ್ಲಿಸಬೇಡಿ. ಓಆರ್‌ಎಸ್ ಪೊಟ್ಟಣ ಒಂದಷ್ಟು ಇರಲಿ, ಆದರೆ ಕಿಡ್ನಿ, ಹೃದಯದ ತೊಂದರೆ ಇರುವವರು ಅದನ್ನೂ ಕೇಳಿಯೇ ಕುಡಿಯಬೇಕು. ಇನ್ನೊಂದು ಮುಖ್ಯ ಮಾತು: ಟ್ರಮಡಾಲ್ ಎಂಬ ನೋವಿನ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಔಷಧಿ, ಸಕ್ಕರೆ ಕಾಯಿಲೆಯವರಿಗೆ ಕಾಲುರಿಗೆ ಕೊಡುವ ಪ್ರೆಗಬಾಲಿನ್, ಇವು ಯುಎಇಯಲ್ಲಿ ನಿಯಂತ್ರಣದಲ್ಲಿರುವ ಔಷಧಿಗಳು. ಅಲ್ಲಿನ ಸರ್ಕಾರದಿಂದ ಆನ್‌ಲೈನ್‌ನಲ್ಲಿ ಮೊದಲೇ ಅನುಮತಿ ಪಡೆದು, ಡಾಕ್ಟರ ಚೀಟಿಯ ಜೊತೆ ತರಬೇಕು.

ತಿಂಡಿ ಕಟ್ಟುವ ಅಮ್ಮಂದಿರಿಗೂ ಒಂದು ಮಾತು. ಗಸಗಸೆ ಅಲ್ಲಿ ನಿಷಿದ್ಧ. ಪಾಯಸಕ್ಕೆ ಅಂತ ಒಂದು ಹಿಡಿ ಪೊಟ್ಟಣವೂ ಬೇಡ, ಮಸಾಲೆ ಪುಡಿಯಲ್ಲಿ ಬೆರೆಸಿದ್ದೂ ಬೇಡ. ವೀಳ್ಯದೆಲೆ, ಪಾನ್ ಕೂಡ ಹಾಗೆಯೇ. ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ ಎಲ್ಲ ಅಲ್ಲೇ ಸಿಗುತ್ತದೆ, ಭಾರ ಹೊರುವ ಅಗತ್ಯವೇ ಇಲ್ಲ. ಮಜ್ಜಿಗೆ ಬೇಕೆಂದರೆ ಗಲ್ಲಿಯ ಗ್ರೋಸರಿಯಲ್ಲಿ ಲಬನ್ ಬಾಟ್ಲಿ ಸಿಗುತ್ತದೆ. ಸ್ವಲ್ಪ ಉಪ್ಪು ಹಾಕಿಕೊಂಡರೆ ನಮ್ಮದೇ ರುಚಿ. ಆದರೆ ಮೆಟ್ರೋದೊಳಗೆ ತಿನ್ನುವ ಹಾಗಿಲ್ಲ, ನೀರೂ ಕುಡಿಯುವ ಹಾಗಿಲ್ಲ, 100 ದಿರ್ಹಂ ದಂಡ. ಹತ್ತುವ ಮೊದಲೇ ಕುಡಿದುಬಿಡಿ.

ಮಗನ ಮನೆಯಲ್ಲಿ ಇಳಿದುಕೊಳ್ಳುವವರಿಗೆ ಸ್ನಾನದ ಮನೆಯದೇ ಒಂದು ತಮಾಷೆ ಇದೆ. ಮಾಳಿಗೆಯ ಮೇಲಿನ ಟ್ಯಾಂಕು ಕಾದು ತಣ್ಣೀರಿನ ನಲ್ಲಿಯಲ್ಲಿ ಕೈ ಇಡಲಾರದಷ್ಟು ಬಿಸಿ ನೀರು ಬರುತ್ತದೆ. ಹಾಗಾಗಿ ಅಲ್ಲಿಯವರು ಬೇಸಿಗೆಯಲ್ಲಿ ಗೀಸರ್ ಆಫ್ ಮಾಡಿಬಿಡುತ್ತಾರೆ. ಏಸಿಯ ಮನೆಯೊಳಗೆ ನಿಂತು ತಣಿದ ಗೀಸರ್ ನೀರೇ ಆಗ ತಣ್ಣೀರು. ಕೆಂಪು ಗುರುತಿನ ನಲ್ಲಿ ತಿರುಗಿಸಬೇಕು, ನೀಲಿಯದನ್ನಲ್ಲ. ಇದನ್ನು ಮೊದಲೇ ಹೇಳದಿದ್ದರೆ ಅತ್ತೆ ಮೈ ಸುಟ್ಟುಕೊಳ್ಳುತ್ತಾರೆ, ಸೊಸೆ ಬೈಸಿಕೊಳ್ಳುತ್ತಾಳೆ.

ಬೇಸಿಗೆಯಲ್ಲಿ ಹೋಗಲೇಬೇಡಿ ಎನ್ನುತ್ತಿಲ್ಲ. ಹೋಟೆಲು ಅಗ್ಗ, ಖರ್ಜೂರ ಆಗ ತಾನೇ ಹಣ್ಣಾಗಿರುತ್ತದೆ. ಬಾಣಂತನವಂತೂ ಋತು ನೋಡಿ ಬರುವುದಿಲ್ಲ. ಗಲ್ಫಿನಲ್ಲೇ ತಂಪು ಬೇಕೆಂದರೆ ಒಮಾನ್‌ನ ಸಲಾಲಾ ಇದೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಜಿನುಗು ಮಳೆ, ಹಸಿರು ಗುಡ್ಡ, 25ರ ಆಸುಪಾಸು ಡಿಗ್ರಿ. ನಮ್ಮೂರಿಗೆ ಸುರಿಯುವ ಅದೇ ಮುಂಗಾರಿನ ಅಂಚು ಅಲ್ಲಿಗೂ ತಾಗುತ್ತದೆ.

ನಾನು ಕೇಳುವುದು ಇಷ್ಟು. ಏಜೆಂಟರು ಮೇಯಿಂದ ಸೆಪ್ಟೆಂಬರ್‌ವರೆಗಿನ ಪಟ್ಟಿಯಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಹೊರಗೆ ಇಳಿಸುವ ಯಾವ ಕಾರ್ಯಕ್ರಮವನ್ನೂ ಇಡಬಾರದು. ಮ್ಯೂಸಿಯಂ, ಅಕ್ವೇರಿಯಂ, ಮಾಲ್ ಆ ಹೊತ್ತಿಗೆ ಇರಲಿ, ಹಳೇ ದುಬೈಯ ದೋಣಿಯನ್ನು ಬೆಳಿಗ್ಗೆ ಬೇಗ ಮುಗಿಸಲಿ. ಗ್ಲೋಬಲ್ ವಿಲೇಜ್, ಮಿರಾಕಲ್ ಗಾರ್ಡನ್ ಕಡು ಬೇಸಿಗೆಯಲ್ಲಿ ಮುಚ್ಚಿರುತ್ತವೆ. ಜುಲೈ ಪ್ಯಾಕೇಜಿನ ಜಾಹೀರಾತಿಗೆ ಅವುಗಳ ಫೋಟೋ ಹಾಕುವುದನ್ನು ಬಿಡಲಿ. ನಿಮ್ಮ ಪ್ರವಾಸ ಪುಟದಲ್ಲೂ ಲೇಖನದ ಕೆಳಗೆ ಒಂದು ಸಣ್ಣ ಚೌಕದಲ್ಲಿ ಆಯಾ ತಿಂಗಳ ಹಗಲು ರಾತ್ರಿಯ ಉಷ್ಣಾಂಶ, ಒಯ್ಯಬಾರದ ವಸ್ತುಗಳ ಹೆಸರು, 998 ನಂಬರ್ ಹಾಕಿ. ಟೋಪಿಗೂ ಅದರಲ್ಲೇ ಜಾಗ ಸಿಗುತ್ತದೆ.

ಇಂತಿ,
ಒಬ್ಬ ನಿವೃತ್ತ ಬಸ್ ಚಾಲಕ,
ಕಾಪು, ಉಡುಪಿ ಜಿಲ್ಲೆ