ಕುನ್ಲುನ್ ಊರಿನ ಹುಡುಗನ ಬಗ್ಗೆ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ನೋಡು ನೋಡು ಅಂತಿದ್ದ ಆ ಜಪಾನಿ ಕಾರ್ಟೂನ್ ಸರಣಿಯ, ಅದೇ ಅನಿಮೆಯ, 12 ಕಂತುಗಳನ್ನೂ ನೋಡಿದೆ. ಅದರ ನಾಯಕ ಲಾಯ್ಡ್ ನನ್ನ ಮನಸ್ಸಿಗೆ ತುಂಬ ಹತ್ತಿರವಾಗಿಬಿಟ್ಟಿದ್ದಾನೆ, ಅದಕ್ಕೇ ಈ ಪತ್ರ.

‘ಸಪೋಸ್ ಎ ಕಿಡ್ ಫ್ರಮ್ ದ ಲಾಸ್ಟ್ ಡಂಜನ್ ಬೂನೀಸ್ ಮೂವ್ಡ್ ಟು ಎ ಸ್ಟಾರ್ಟರ್ ಟೌನ್’ ಅಂತ ಮಾರುದ್ದದ ಹೆಸರು, ಅಂದರೆ ಕೊನೆಯ ಡಂಜನ್ (ರಾಕ್ಷಸರಿರುವ ನೆಲಮಾಳಿಗೆ) ಪಕ್ಕದ ಕುಗ್ರಾಮದ ಹುಡುಗ ಆಟ ಶುರುವಾಗುವ ಊರಿಗೆ ಬಂದರೆ ಅಂತ. ಆದರೆ ಕಥೆಯ ಬೀಜ ಅದರಲ್ಲೇ ಇದೆ. ನೀನಾಡುವ ಗೇಮುಗಳಲ್ಲಿ ಮೊದಲ ಊರಿನ ಸುತ್ತ ಸಣ್ಣಪುಟ್ಟ ಜಂತುಗಳು, ಕೊನೆಯ ಡಂಜನ್ ಹತ್ತಿರ ಘೋರ ರಾಕ್ಷಸರು ಇರುತ್ತಾರಲ್ಲ, ಹಾಗಾದರೆ ಆ ಡಂಜನ್ ಪಕ್ಕದಲ್ಲೇ ಸಂಸಾರ ಹೂಡಿರುವ ಜನ ಎಂಥವರಿರಬೇಕು? 2017ರಿಂದ ಲೈಟ್ ನಾವೆಲ್ (ಹದಿಹರೆಯದವರಿಗಾಗಿ ಬರುವ ಸಚಿತ್ರ ಕಾದಂಬರಿ) ಆಗಿ ಇದನ್ನು ಬರೆದ ತೋಶಿಯೊ ಸಾತೊ ಹಿಡಿದುಕೊಂಡದ್ದು ಇದೊಂದೇ ಪ್ರಶ್ನೆಯನ್ನು. ಲೈಡೆನ್ ಫಿಲ್ಮ್ಸ್‌ನವರು 2021ರಲ್ಲಿ ಅನಿಮೆ ಮಾಡಿದರು.

ಆ ಡಂಜನ್ ಪಕ್ಕದ ಊರೇ ಕುನ್ಲುನ್, ಅಲ್ಲಿ ಎಲ್ಲರಿಗಿಂತ ಬಲಹೀನ ಲಾಯ್ಡ್. ಹುಟ್ಟಿದಾಗಿನಿಂದ ಕಂಡದ್ದು ಅದೇ ಊರು, ಅದೇ ಅಳತೆ. ಸೈನಿಕನಾಗಬೇಕು ಅಂತ ಅಜಾಮಿ ರಾಜ್ಯದ ರಾಜಧಾನಿಗೆ ಬರುವಾಗಲೂ ಅದೇ ಅಳತೆಗೋಲನ್ನು ಕಟ್ಟಿಕೊಂಡು ಬರುತ್ತಾನೆ. ಅಲ್ಲಿ ಸಿಗುವ ಸೆಲೆನ್ ಎಂಬ ಹುಡುಗಿಯ ಮುಖಕ್ಕೆ ಚಿಕ್ಕಂದಿನಿಂದ ಅಂಟಿಕೊಂಡಿದ್ದ ಶಾಪದ ಬೆಲ್ಟ್ ಯಾರಿಂದಲೂ ಬಿಚ್ಚಲಾಗದ್ದು, ಇವನ ಕೈಯಲ್ಲಿ ಕಳಚಿ ಬೀಳುತ್ತದೆ. ಇವನಿಗೆ ಅದು ಮನೆ ಒರೆಸುವಾಗ ಬಳಸುವ ಮಾಮೂಲಿ ಮಂತ್ರ. ಇಷ್ಟಾಗಿಯೂ ಸೇನೆಯ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ, ಅಲ್ಲಿಯದೇ ಕ್ಯಾಂಟೀನಿನಲ್ಲಿ ಕೆಲಸಕ್ಕೆ ನಿಲ್ಲುತ್ತಾನೆ. ಅಲ್ಲಿ ಅವನ ಮುಖ ನೋಡಿದೆಯಾ? ಒಂದಿಷ್ಟೂ ಕಹಿಯಿಲ್ಲ. ನನಗೆ ಇಡೀ ಅನಿಮೆಯಲ್ಲಿ ಅತ್ಯಂತ ಇಷ್ಟವಾದದ್ದು ಆ ಭಾಗ, ಹೊಡೆದಾಟಗಳಲ್ಲ. (ಸೆಲೆನ್ ಅವನ ಬೆನ್ನು ಬಿಡದೆ ಕಾಡುವುದನ್ನು ಮಾತ್ರ ತಮಾಷೆ ಅಂತ ಒಪ್ಪಲಾರೆ. ಹುಡುಗಿ ಮಾಡಿದರೂ ಅದು ಕಾಟವೇ.)

‘ಎಷ್ಟು ಹೇಳಿದ್ರೂ ಅವನಿಗೆ ತನ್ನ ಬಲ ಗೊತ್ತಾಗಲ್ಲ ಅಪ್ಪ, ಪೆದ್ದ’ ಅಂತ ಫೋನಿನಲ್ಲಿ ನಕ್ಕೆಯಲ್ಲ, ನನಗೆ ಹಾಗನ್ನಿಸಲಿಲ್ಲ. ಅಜ್ಜಿ ಹೇಳುತ್ತಿದ್ದ ಹನುಮಂತನ ಕಥೆ ನೆನಪು ಮಾಡಿಕೋ. ಋಷಿಗಳ ಶಾಪದಿಂದ ತನ್ನ ಬಲವನ್ನೇ ಮರೆತವನು, ಕಡಲ ದಡದಲ್ಲಿ ಸುಮ್ಮನೆ ಕೂತಿದ್ದ. ಜಾಂಬವಂತ ನೆನಪಿಸಿದ, ಅವನು ಬೆಳೆದು ನಿಂತ, ಹಾರಿದ. ಲಾಯ್ಡ್‌ನ ಸುತ್ತ ಜಾಂಬವಂತರಿಗೆ ಬರವಿಲ್ಲ. ಅವನಿಗೆ ಆಸರೆ ಕೊಟ್ಟ ಮಾಟಗಾತಿ ಮರೀ ಹೇಳುತ್ತಾಳೆ, ಗೆಳತಿ ರಿಹೋ ಹೇಳುತ್ತಾಳೆ. ಆದರೆ ಇವನು ‘ಪಟ್ಟಣದವರು ಎಷ್ಟು ಒಳ್ಳೆಯವರು, ನನ್ನ ಮನಸ್ಸು ನೋಯದಿರಲಿ ಅಂತ ಹೀಗೆ ಹೇಳುತ್ತಾರೆ’ ಎಂದುಕೊಂಡುಬಿಡುತ್ತಾನೆ. ಹನುಮಂತ ಮರೆತಿದ್ದ, ಆದ್ದರಿಂದ ನೆನಪಿಸಿದರೆ ಸಾಕಾಯಿತು. ಇವನು ಮರೆತಿಲ್ಲ, ಬೇರೆಯದನ್ನೇ ಕಲಿತುಬಿಟ್ಟಿದ್ದಾನೆ. ಕಲಿತದ್ದನ್ನು ಬಿಡಿಸುವುದು ಕಷ್ಟ, ಪುಟ್ಟಿ. ಪೆದ್ದುತನಕ್ಕೂ ಅದಕ್ಕೂ ಸಂಬಂಧವಿಲ್ಲ.

ಇದನ್ನು ಬರೆಯುವಾಗ ನನ್ನ ಕಣ್ಣ ಮುಂದಿರುವುದು ನೀನೇ. ಈಗ ನೀನಿರುವ ತರಗತಿಯಲ್ಲಿ ಪ್ರತಿಯೊಬ್ಬರೂ ಅವರವರ ಊರಿಗೇ ಮೊದಲ ಸ್ಥಾನ ಪಡೆದವರು. ಅದು ನಿನ್ನ ಕುನ್ಲುನ್. ಅಲ್ಲಿ ಹಿಂದಿನ ಸಾಲಿನಲ್ಲಿ ಕೂತು ‘ನಂಗೇನೂ ಬರಲ್ಲ’ ಅನ್ನುತ್ತೀಯ. ನಿನ್ನ ಪ್ರಾಜೆಕ್ಟ್ ಚೆನ್ನಾಗಿದೆ ಅಂತ ಮೇಡಂ ಹೇಳಿದ್ದಕ್ಕೆ, ‘ಅವರು ಎಲ್ಲರಿಗೂ ಹಾಗೇ ಹೇಳ್ತಾರೆ’ ಅಂದೆ. ಲಾಯ್ಡ್‌ನ ಬಾಯಿಂದ ಬಂದಿದ್ದರೆ ನೀನೇ ನಗುತ್ತಿದ್ದ ಮಾತು ಅದು.

ಅವರು ಎಲ್ಲರಿಗೂ ಹಾಗೆ ಹೇಳುತ್ತಾರೋ ಇಲ್ಲವೋ, ಒಮ್ಮೆ ಹೋಗಿ ಅವರನ್ನೇ ಕೇಳು: ಯಾವುದು ಚೆನ್ನಾಗಿದೆ, ಯಾಕೆ ಚೆನ್ನಾಗಿದೆ? ಅವರು ಹೇಳಿದ್ದನ್ನು ಹಾಗೇ ನೋಟ್‌ಬುಕ್ಕಿನಲ್ಲಿ ಬರೆದುಕೋ, ನಿನ್ನ ಅಭಿಪ್ರಾಯ ಸೇರಿಸಬೇಡ. ಭಾನುವಾರ ಫೋನ್ ಮಾಡಿದಾಗ ನನಗೂ ಅಮ್ಮನಿಗೂ ಅದನ್ನು ಓದಿ ಹೇಳು.

ನಿನ್ನ,
ಅಪ್ಪ